ಅಪ್‌ಡೇಟ್: ಫ್ರೀಲಾನ್ಸ್ ಡಿಸೈನರ್ ರಜೆಯ ಬಾಕಿ ಕೇಳಿದ ವಿಚಾರ

ಹಿಂದೆ ಕೇಳಿದ್ದು ಇದು: ನಮ್ಮ ಸಣ್ಣ ಕಂಪನಿಗೆ ಫ್ರೀಲಾನ್ಸರ್ ಅಂತ ಬಂದಿದ್ದ ಡಿಸೈನರ್ ಕೆಲಸ ಬಿಟ್ಟ ಮೇಲೆ, ‘ನಾನು ನೌಕರನೇ ಆಗಿದ್ದೆ, ತೆಗೆದುಕೊಳ್ಳದ ರಜೆಯ ಬಾಕಿ ಹಣ ಕೊಡಿ’ ಅಂತ ನೋಟಿಸ್ ಕಳಿಸಿದ್ದರು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ವಕೀಲರನ್ನು ಕಂಡೆ. ಕರಾರಿನಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಅಂತ ದಪ್ಪಕ್ಷರದಲ್ಲೇ ಇದೆ ಅಂತ ತೋರಿಸಿದೆ. ಅವರು ಅದನ್ನು ಪಕ್ಕಕ್ಕಿಟ್ಟು ಬೇರೆಯದೇ ಕೇಳಿದರು. ಕೆಲಸದ ಹೊತ್ತು ಗೊತ್ತುಮಾಡುತ್ತಿದ್ದವರು ಯಾರು? ಲ್ಯಾಪ್‌ಟಾಪ್ ಯಾರದು? ಬೇರೆ ಗಿರಾಕಿಗಳ ಕೆಲಸ ಹಿಡಿಯಬಹುದಿತ್ತಾ? ತಮ್ಮ ಬದಲು ಇನ್ನೊಬ್ಬರನ್ನು ಕಳಿಸಬಹುದಿತ್ತಾ? ಕಾಗದದ ಮೇಲಿನ ಹೆಸರಿಗಿಂತ ಕೆಲಸ ನಡೆದ ರೀತಿಯನ್ನೇ ಕೋರ್ಟು ಜಾಸ್ತಿ ನೋಡುತ್ತದಂತೆ.

ಆಮೇಲೆ ಬಂತು ನೋಡಿ ಅಸಲಿ ತಲೆನೋವು. ಡಿಸೈನರ್ ಫ್ರೀಲಾನ್ಸರೇ ಅಂತ ಹಟ ಹಿಡಿದು ನಾವು ಗೆದ್ದರೆ, ಅವರು ಮಾಡಿಕೊಟ್ಟ ಲೋಗೋದ ಕಾಪಿರೈಟ್ ಅವರದೇ ಆಗಬಹುದು! ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ. ಹೊರಗಿನವರು ಮಾಡಿದ್ದು ಹಾಗಲ್ಲ. ಹಕ್ಕು ಬರೆದುಕೊಡದಿದ್ದರೆ ಅದು ಹೆಚ್ಚಾಗಿ ಅವರ ಬಳಿಯೇ ಉಳಿಯುತ್ತದೆ. ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮದಾಗಲ್ಲ. ನಮ್ಮ ಕರಾರಿನಲ್ಲಿ ಹಕ್ಕು ಬರೆದುಕೊಡುವ ಸಾಲೇ ಇರಲಿಲ್ಲ.

ಹಾಗಾಗಿ ಜಗಳ ಬಿಟ್ಟು ಮಾತಿಗೆ ಕೂತೆವು. ಬಾಕಿಯಲ್ಲಿ ಒಂದು ಭಾಗ ನಾವು ಕೊಟ್ಟೆವು. ಲೋಗೋ ಮತ್ತು ಮೂಲ ಫೈಲ್‌ಗಳ ಹಕ್ಕನ್ನು ಅವರು ಬರೆದು ಸಹಿ ಹಾಕಿಕೊಟ್ಟರು. ‘ಬಿಡಿಗಾಸೂ ಕೊಡಬೇಡಿ’ ಅಂದವರು ಬೇಜಾರು ಮಾಡ್ಕೋಬೇಡಿ, ಆ ದಾರಿ ದುಬಾರಿ ಬೀಳುತ್ತಿತ್ತು.

ಇದೇ ರೀತಿ ಇನ್ನಿಬ್ಬರು ನಮ್ಮಲ್ಲಿದ್ದಾರೆ. ಒಬ್ಬರನ್ನು ನೌಕರಿಗೇ ತಗೊಂಡೆವು. ಇನ್ನೊಬ್ಬರ ಹೊಸ ಕರಾರನ್ನು ವಕೀಲರು ನೋಡುತ್ತಿದ್ದಾರೆ.