ಅಪ್‌ಡೇಟ್: ತುಮಕೂರಿನ ಡ್ರಂಕ್ ಅಂಡ್ ಡ್ರೈವ್ ಕೇಸ್ ಮುಗಿಯಿತು

ತಮ್ಮನ ಬೈಕ್ ತಡೆದು ಪೊಲೀಸರು ಊದಿಸಿದಾಗ ಮದ್ಯದ ರೀಡಿಂಗ್ 52 ಬಂದಿತ್ತು, ವಕೀಲರನ್ನು ಇಡಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದಿರಿ. ಕೇಸ್ ಮುಗಿದಿದೆ. ದಂಡ ಕಟ್ಟಿದೆವು, ಜೈಲು ಆಗಲಿಲ್ಲ.

ಕೆಲಸಕ್ಕೆ ಬಂದಿದ್ದು "ಮೊದಲು ಕಾಗದ ನೋಡಿಸಿ" ಅಂದವರ ಸಲಹೆ. ಅದೇ ಕೋರ್ಟಿನಲ್ಲಿ ದಿನಾ ಓಡಾಡುವ ವಕೀಲರಿಗೆ ಊದಿಸಿದ ಮೆಷಿನ್‌ನ ಚೀಟಿ ಕೊಟ್ಟೆವು. ಅವರು ಬೆರಳಿಟ್ಟು ನೋಡಿದ್ದು ಮೂರೇ ಜಾಗ: ಸಮಯ, ಮೆಷಿನ್ ನಂಬರ್, ಊದುವ ಮುಂಚಿನ ಸೊನ್ನೆ ರೀಡಿಂಗ್. ಎಲ್ಲ ಸರಿಯಿತ್ತು. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಹಾಗಾಗಿ ವಾದಕ್ಕೆ ಜಾಗವಿಲ್ಲ, ತಪ್ಪೊಪ್ಪಿಕೊಂಡು ಮೊದಲ ಸಲ ಅಂತ ಕೇಳಿಕೊಳ್ಳೋಣ ಅಂದರು. ಫೀಸು ಎಷ್ಟು, ಎಷ್ಟು ವಾಯಿದೆಗೆ (ಕೋರ್ಟಿಗೆ ಹಾಜರಾಗುವ ದಿನ) ಅಂತ ಮೊದಲೇ ಬರೆಸಿಕೊಂಡಿದ್ದು ಒಳ್ಳೆಯದಾಯಿತು.

"ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿ" ಅಂತ ಕೆಲವರು ಅಂದಿದ್ದು ನಡೆಯಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 (ಕುಡಿದು ಗಾಡಿ ಓಡಿಸುವುದು) ಕೇಸಿಗೆ ಕೋರ್ಟಿಗೆ ಹೋಗಲೇಬೇಕು. ವಾಯಿದೆ ತಪ್ಪಿಸಿದರೆ ವಾರಂಟ್ ಬರುತ್ತೆ, ದಯವಿಟ್ಟು ತಪ್ಪಿಸಬೇಡಿ.

ಗೊತ್ತಿರದಿದ್ದ ವಿಷಯ: ತಪ್ಪೊಪ್ಪಿಕೊಂಡರೂ ಅದು ಶಿಕ್ಷೆ ಅಂತಲೇ ದಾಖಲಾಗುತ್ತೆ. ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 15,000 ದಂಡ ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಡಿಎಲ್ ಅಮಾನತು ಬೇರೆ ಆಗಬಹುದು. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಆ ಸಮಯ ಬರೆದಿಟ್ಟುಕೊಳ್ಳಿ.

ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.