ಗುಡಿ ಕೆತ್ತನೆಯಲ್ಲಿ ಗಂಧರ್ವ ಯಾರು, ಕಿನ್ನರ ಯಾರು?

ಹುಮನಾಬಾದ್_ಟೀಚರ್:
ಒಂಬತ್ತನೇ ತರಗತಿ ಮಕ್ಕಳನ್ನು ಜಲಸಂಗಿಯ ಶಿವಾಲಯಕ್ಕೆ ಕರೆದುಕೊಂಡು ಹೋಗೋದದ. ಚಾಲುಕ್ಯರ ಗುಡಿಗಳಲ್ಲಿ ಹಾರುವ, ವಾದ್ಯ ಹಿಡಿದ ಸಣ್ಣ ಆಕೃತಿಗಳನ್ನೆಲ್ಲ ಗಂಧರ್ವರು ಅನ್ನಬಹುದೇನ್ರಿ? ಕುದುರೆ ಮುಖ ಇದ್ದರೆ ಕಿನ್ನರನೋ, ಗಾಯಕ ಗಂಧರ್ವ ತುಂಬುರನೋ? ಮಕ್ಕಳಿಗೆ ಕೊಡುವ ಹಾಳೆಗೆ ಸರಳ ಕ್ರಮ ಬೇಕಾಗಿತ್ತು.

ಕಲ್ಲುಕೆತ್ತನೆ:
ಎಲ್ಲರನ್ನೂ ಗಂಧರ್ವರು ಅನ್ನಬೇಡ್ರಿ ಮೇಡಂ. ವಿದ್ಯಾಧರ, ಅಪ್ಸರೆ, ಯಕ್ಷ, ಗಂಧರ್ವ, ಕಿನ್ನರ ಹೀಗೆ ಸಂಸ್ಕೃತ ನಿಘಂಟು ಅಮರಕೋಶವೇ 10 ದೇವಯೋನಿಗಳನ್ನು (ದೇವರಿಗಿಂತ ಕೆಳಗಿನ ದಿವ್ಯ ಜೀವಿಗಳನ್ನು) ಬೇರೆ ಬೇರೆ ಹೇಳುತ್ತದೆ.

ಮೊದಲು ಸೊಂಟದ ಕೆಳಗೆ ನೋಡಿಸಿ. ಹಕ್ಕಿ ಕಾಲು, ಬಳ್ಳಿಯಂತೆ ಸುರುಳಿ ಸುತ್ತಿದ ಬಾಲ ಇದ್ದರೆ ಕಿನ್ನರ. ಪೂರ್ತಿ ಮನುಷ್ಯ ದೇಹವಾದರೆ ಕೈ ನೋಡಿ. ಹೂಮಾಲೆ ಹಿಡಿದು, ಕಾಲು ಹಿಂದಕ್ಕೆ ಮಡಚಿ ಹಾರುತ್ತಿದ್ದರೆ ಸಾಮಾನ್ಯವಾಗಿ ವಿದ್ಯಾಧರ. ವಾದ್ಯ ಇದ್ದರೆ ಗಂಧರ್ವ, ಆದರೆ ತಕ್ಷಣ ಬರೆಯಬೇಡಿ. ಕುಳ್ಳ ದೇಹ, ಡೊಳ್ಳು ಹೊಟ್ಟೆ ಇದ್ದು ಮದ್ದಳೆ ಬಾರಿಸುತ್ತಿದ್ದರೆ ಅವನು ಶಿವಗಣ. ಶಿವಾಲಯಗಳಲ್ಲಿ ಹೆಚ್ಚು ಎಡವುವುದು ಇಲ್ಲೇ.

ಕತ್ತಿ ಕಂಡರೆ ವಿದ್ಯಾಧರ ಎನ್ನುವುದು ರೂಢಿ, ಆದರೂ ಅದೊಂದೇ ಗುರುತು ಸಾಲದು. ಗಂಧರ್ವರೂ ಯೋಧರೇ. ದ್ವೈತವನದಲ್ಲಿ ದುರ್ಯೋಧನನನ್ನು ಸೆರೆ ಹಿಡಿದ ಗಂಧರ್ವ ಚಿತ್ರಸೇನನೇ ಇಂದ್ರನ ಅಮರಾವತಿಯಲ್ಲಿ ಅರ್ಜುನನಿಗೆ ಹಾಡು, ಕುಣಿತ ಕಲಿಸಿದವನು. ಮಕ್ಕಳಿಗೆ ಈ ಕಥೆ ಹೇಳಲೇಬೇಕು.

ತಂತಿಮೆಟ್ಟು:
ಕುದುರೆ ಮುಖದ ವಿಚಾರ: ಅಮರಕೋಶದಲ್ಲಿ 'ತುರಂಗವದನ' (ಕುದುರೆ ಮುಖದವನು) ಕಿನ್ನರನದೇ ಹೆಸರು. ತುಂಬುರನಿಗೂ ಶಿಲ್ಪದಲ್ಲಿ ಅದೇ ಮುಖ. ಮುಖ ಬಿಟ್ಟು ಜೊತೆಗಿರುವವರನ್ನು ನೋಡ್ರಿ. ವೀಣೆ ಹಿಡಿದು ನಾರದನಿಗೆ ಎದುರಾಗಿದ್ದರೆ ತುಂಬುರ. ಗಂಡು-ಹೆಣ್ಣು ಜೋಡಿಯಾಗಿದ್ದರೆ ಕಿನ್ನರ ಮಿಥುನ.

ವೀಣೆ ಅಂದರೆ ಮಕ್ಕಳು ಇಂದಿನ ಸರಸ್ವತಿ ವೀಣೆಯ ದೊಡ್ಡ ಮರದ ಕೊಡ ಹುಡುಕುತ್ತಾರೆ. 24 ಮೆಟ್ಟಿನ ಆ ರೂಪ 17ನೇ ಶತಮಾನದ ತಂಜಾವೂರಿನದು. ಚಾಲುಕ್ಯ ಶಿಲ್ಪಿ ಕಂಡದ್ದು ನೇರ ದಂಡಿಗೆ (ತಂತಿ ಬಿಗಿಯುವ ಉದ್ದ ಕೋಲು), ಅದಕ್ಕೆ ಕಟ್ಟಿದ ಸೋರೆ ಬುರುಡೆ. ಕಲ್ಯಾಣದ (ಇಂದಿನ ಬಸವಕಲ್ಯಾಣ) ಶರಣ ಕಿನ್ನರಿ ಬೊಮ್ಮಯ್ಯ ನುಡಿಸಿದ ಕಿನ್ನರಿ ಎಂಬ ತಂತಿವಾದ್ಯವೂ ದಂಡಿಗೆ-ಸೋರೆಯದೇ, ನಿಮ್ಮ ಜಿಲ್ಲೆಯ ಮಕ್ಕಳಿಗೆ ಅದು ಬೇಗ ಹತ್ತುತ್ತದೆ. ಬುರುಡೆ ಸವೆದಿದ್ದರೆ ದಂಡಿಗೆ ಬರೀ ಕೋಲಿನಂತೆ ಕಾಣುತ್ತದೆ, ಆಗ ಕೈಗಳೇ ಸಾಕ್ಷಿ. ಒಂದು ಕೈ ಭುಜದ ಹತ್ತಿರ, ಇನ್ನೊಂದು ಸೊಂಟದ ಹತ್ತಿರ ಓರೆಯಾಗಿದ್ದರೆ ವೀಣೆ. ಎರಡೂ ಕೈ ಬಾಯಿಯ ಒಂದೇ ಬದಿಗಿದ್ದರೆ ಕೊಳಲು.

ವೀಣೆಗಳ ಹೆಸರನ್ನೂ ಹಾಳೆಗೆ ಸೇರಿಸಿ: ನಾರದನದು ಮಹತಿ, ತುಂಬುರನದು ಕಲಾವತಿ, ಗಂಧರ್ವ ವಿಶ್ವಾವಸುವಿನದು ಬೃಹತಿ, ಸರಸ್ವತಿಯದು ಕಚ್ಛಪಿ.

ಕಲ್ಲುಕೆತ್ತನೆ:
ಟಾರ್ಚ್ ಎದುರಿನಿಂದ ಬಿಡಬೇಡ್ರಿ, ಉಬ್ಬು-ತಗ್ಗು ಅಳಿಸಿ ಹೋಗ್ತದ. ಗೋಡೆಗೆ ಸಮೀಪ, ಬದಿಯಿಂದ ಓರೆಯಾಗಿ ಬಿಡ್ರಿ. ಸವೆದ ಗೆರೆಗೂ ನೆರಳು ಬೀಳ್ತದ. ಗೆರೆ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು ಬೇಡವೇ ಬೇಡ. ಪುಡಿ ಕಲ್ಲಿನ ಸಂದಿಯಲ್ಲಿ ಕೂರ್ತದ, ಎಣ್ಣೆಗೆ ಧೂಳು ಅಂಟಿ ಕಪ್ಪಾಗ್ತದ. ಹಾಳೆಯಲ್ಲಿ ದೇಹ, ಕೈ, ಜಾಗ, ಜೊತೆಗಾರರು ಅಂತ ಮೊದಲು ಬರೆಸಿ, ಹೆಸರು ಕೊನೆಗೆ. ಕೈ ಮುರಿದಿದ್ದರೆ ಆ ಜಾಗ ಖಾಲಿ ಇರಲಿ.

ಹುಮನಾಬಾದ್_ಟೀಚರ್:
ಭಾಳ ಉಪಕಾರ ಆಯ್ತ್ರಿ. ಹೊರಗೋಡೆಯಲ್ಲಿ ಅಕ್ಷರ ಬರೆಯುವ ಹೆಣ್ಣುಮಗಳು ಗಂಧರ್ವ ಕನ್ಯೆಯೇ?

ತಂತಿಮೆಟ್ಟು:
ಅಲ್ರಿ. ಆಕೆ ಶಿಲಾಬಾಲಿಕೆ, ಅಂದರೆ ಗುಡಿಯ ಅಲಂಕಾರದ ಹೆಣ್ಣುಶಿಲ್ಪ. ಕೆತ್ತುತ್ತಿರುವುದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಹೊಗಳಿಕೆ. ಹಾಳೆಯಲ್ಲಿ 'ಶಾಸನ ಬರೆಯುವ ಶಿಲಾಬಾಲಿಕೆ' ಅಂತ ಹಾಕ್ರಿ.