‘ಕ್ರೀಕ್’ ಅಂದರೆ ಹಳ್ಳವೇ?

ಪ್ರಶ್ನೆ (ಧಾರವಾಡದಿಂದ)

ನಮಸ್ಕಾರ. ಹೈಸ್ಕೂಲ್ ಮಕ್ಕಳನ್ನು ಹೊನ್ನಾವರದ ಕಡೆ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡು ತೋರಿಸಲು ಕರೆದೊಯ್ಯುವ ಶಿಕ್ಷಕರಿಗೆ ಒಂದು ಕೈಪಿಡಿ ತಯಾರಾಗುತ್ತಿದೆ. ‘ಮ್ಯಾಂಗ್ರೋವ್ ಕ್ರೀಕ್’ ಎಂಬುದಕ್ಕೆ ಕರಡಿನಲ್ಲಿ ‘ಮ್ಯಾಂಗ್ರೋವ್ ಹಳ್ಳ’ ಎಂದಿದೆ. ಕೊಲ್ಲಿ, ಹಿನ್ನೀರು, ಅಳಿವೆ ಇವುಗಳಲ್ಲಿ ಯಾವುದಾದರೂ ಹೊಂದೀತೆ? ‘ಬೆಳಿಗ್ಗೆ 9ಕ್ಕೆ ಹಳ್ಳದಲ್ಲಿ ದೋಣಿ ವಿಹಾರ’ ಎಂಬ ವಾಕ್ಯವನ್ನೂ ನೋಡಿ ಹೇಳಿರಿ.

ಉತ್ತರ (ಗದಗದಿಂದ)

‘ಹಳ್ಳ’ ಬೇಡ್ರಿ. ಹಳ್ಳ ಅಂದಕೂಡಲೆ ನಮ್ಮ ಎರೆ ಸೀಮೆಯ ಓದುಗರ ಕಣ್ಣ ಮುಂದೆ ಬರುವುದು ಬೆಣ್ಣಿಹಳ್ಳ, ತುಪ್ಪರಿಹಳ್ಳ. ಮಳೆಗಾಲದಲ್ಲಿ ದಂಡೆ ಮೀರುವ, ಬೇಸಿಗೆಯಲ್ಲಿ ಸೊರಗುವ, ಯಾವತ್ತೂ ಒಂದೇ ದಿಕ್ಕಿಗೆ ಹೋಗುವ ನೀರು ಅದು. ಕ್ರೀಕಿನ ನೀರು ಸಮುದ್ರದ ಉಬ್ಬರ-ಇಳಿತದ ಜೊತೆ ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಇಷ್ಟು ತಿಳಿಯದಿದ್ದರೆ ಶಿಕ್ಷಕರ ಸಮಯದ ಲೆಕ್ಕವೇ ತಪ್ಪುತ್ತದೆ.

‘ಕೊಲ್ಲಿ’ ಬಂಗಾಳ ಕೊಲ್ಲಿಯಷ್ಟು ದೊಡ್ಡದು, ಅದನ್ನು ಬಿಡಿ. ‘ಹಿನ್ನೀರು’ ಕರಾವಳಿಯಲ್ಲಿ ಸಲ್ಲುವ ಮಾತೇ, ಆದರೆ ನಮ್ಮವರಿಗೆ ಅದು ನವಿಲುತೀರ್ಥ ಅಣೆಕಟ್ಟಿನ ಹಿಂದೆ ನಿಂತ ನೀರು. ‘ಅಳಿವೆ’ ನದಿ ಸಮುದ್ರ ಸೇರುವ ಬಾಯಿ. ಕ್ರೀಕ್ ಆ ಬಾಯಿಯಿಂದ ಕಾಡಿನೊಳಕ್ಕೆ ಸೀಳಿಕೊಂಡ ಸಣ್ಣ ದಾರಿ. ಅದಕ್ಕೆ ‘ಕವಲು’ ಚೆನ್ನ. ‘ಕಾಂಡ್ಲಾ ಕವಲು’ ಎಂದು ಬರೆಯಿರಿ, ಮೊದಲ ಸಲ ಬಂದಲ್ಲಿ ‘ಉಬ್ಬರ-ಇಳಿತದ ನೀರು ಆಡುವ ಕವಲು’ ಎಂದು ಬಿಡಿಸಿ ಹೇಳಿ. ಕರಾವಳಿಯವರು ಉಬ್ಬರಕ್ಕೆ ‘ಭರತ’ ಎನ್ನುತ್ತಾರೆ. ದೋಣಿಯವರ ಬಾಯಲ್ಲಿ ಅದೇ ಕೇಳಿಬರುವುದರಿಂದ ಅದನ್ನೂ ಕೊಡಿ. ನಮ್ಮ ಮಕ್ಕಳಿಗೆ ಉಬ್ಬರ ಅಂದರೆ ಹೊಟ್ಟೆ ಉಬ್ಬರವಷ್ಟೇ ಗೊತ್ತು. ‘ಕೋಡಿ’ಯ ವಿಷಯದಲ್ಲೂ ಎಚ್ಚರ: ನಮ್ಮಲ್ಲಿ ಕೆರೆ ಕೋಡಿ ಬೀಳುತ್ತದೆ, ಕರಾವಳಿಯ ಊರ ಹೆಸರುಗಳಲ್ಲಿ ಕೋಡಿ ನೀರಿನೊಳಕ್ಕೆ ಚಾಚಿದ ನೆಲದ ತುದಿ.

ಕರಡಿನ ‘ಲವಣಯುಕ್ತ ಜಲ’ ತೆಗೆದು ‘ಸವಳು ನೀರು’ ಹಾಕಿ. ಗದಗಿನ ಬಾವಿ ನೀರು ಕುಡಿದವರಿಗೆ ಅರ್ಥ ಹೇಳಬೇಕಿಲ್ಲ.

ಕರಡಿನಲ್ಲಿ ‘ಬಿಳಲು’ ಎಂಬ ಪದ ಎರಡು ಬೇರೆ ಬೇರೆ ಬಗೆಯ ಕಾಂಡ್ಲಾ ಬೇರುಗಳಿಗೆ ಬಳಕೆಯಾಗಿದೆ. ರೈಜೋಫೊರಾ ಮರದಲ್ಲಿ ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗೆ ಊರಿಕೊಳ್ಳುವುದು ‘ಊರುಬೇರು’. ಅವಿಸೆನಿಯಾ ಮರದ ಸುತ್ತ ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ಲಿನ ಹಾಗೆ ಎದ್ದು ನಿಂತದ್ದು ‘ಉಸಿರುಬೇರು’. ಕೆಸರಿನಲ್ಲಿ ಗಾಳಿ ಇಲ್ಲದ್ದಕ್ಕೆ ಮರ ಅದರಿಂದ ಉಸಿರಾಡುತ್ತದೆ. ಮಕ್ಕಳು ಅದನ್ನು ಮೊಳಕೆ ಅಂದುಕೊಂಡು ತುಳಿಯುತ್ತಾರೆ, ಕೀಳುತ್ತಾರೆ. ನಿಜವಾದ ಮೊಳಕೆ ಇರುವುದು ಮೇಲೆ: ರೈಜೋಫೊರಾ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ತೂಗಿ, ಆಮೇಲೆ ಕೆಸರಿಗೆ ಬೀಳುತ್ತದೆ. ಇದಕ್ಕೊಂದು ಚಿತ್ರ ಇರಲೇಬೇಕು.

‘ಜೌಗು ಪ್ರದೇಶ’ ತೀರ ಅಗಲವಾದ ಮಾತು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾದ ಅಘನಾಶಿನಿ ಅಳಿವೆ ಎರಡೂ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿದವು. ಆದರೆ ಮಾಗಡಿಯಲ್ಲಿ ಕಾಂಡ್ಲಾ ಇಲ್ಲ, ಉಬ್ಬರವೂ ಇಲ್ಲ.

ಇನ್ನು ‘ಬೆಳಿಗ್ಗೆ 9ಕ್ಕೆ’. ತುಂಬು ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇವತ್ತು 9ಕ್ಕೆ ಕವಲು ತುಂಬಿದ್ದರೆ, ವಾರದ ನಂತರ ಅದೇ 9ಕ್ಕೆ ಹೆಚ್ಚುಕಡಿಮೆ ಪೂರ್ತಿ ಇಳಿತ. ಆಗ ದೋಣಿ ಕೆಸರಿಗೆ ಕೂರುತ್ತದೆ, ಮೋಟರಿನ ಪಂಖ ಬೇರಿಗೆ ಬಡಿಯುತ್ತದೆ, ಮುಂದಿನ ನೀರು ಬರುವವರೆಗೆ ಕಾಯಬೇಕಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಹಾಗಂತ ಇಳಿತದ ಹೊತ್ತು ವ್ಯರ್ಥವಲ್ಲ. ಏಡಿ, ಕೆಸರಲ್ಲಿ ಜಿಗಿಯುವ ಮೀನು, ಕೆಸರು ಕೆದಕುವ ಹಕ್ಕಿಗಳು ಕಾಣುವುದು ಆಗಲೇ. ಅದನ್ನು ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನೊಳಗೆ ಕಟ್ಟಿದ ನಡೆದಾರಿಯ ಮೇಲಿಂದ ನೋಡಬೇಕು.

ಮರುಪ್ರಶ್ನೆ (ಧಾರವಾಡದಿಂದ)

ಒಪ್ಪಿದೆ. ಹಳ್ಳ ಎಲ್ಲಿಗೆ ಮುಗಿಯಿತು, ಕವಲು ಎಲ್ಲಿಂದ ಶುರುವಾಯಿತು ಎಂದು ಮಕ್ಕಳು ಕೇಳಿದರೆ?

ಉತ್ತರ

ಧಾರವಾಡದ್ದೇ ಉದಾಹರಣೆ ಕೊಡಿ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಯ ನೀರಾಗಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಲ್ಲಿ ಗೋಕರ್ಣದ ಹತ್ತಿರ ಸಮುದ್ರ ಸೇರುತ್ತದೆ. ಅದರ ಅಳಿವೆಯಲ್ಲೂ ಕಾಂಡ್ಲಾ ಇದೆ. ಭರತದ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಂದ ಕೆಳಗಿನ ಸೀಳುಗಳಿಗೆ ಮಾತ್ರ ‘ಕವಲು’ ಅನ್ನಿ. ವಾಕ್ಯ ಹೀಗಿರಲಿ: ‘ದೋಣಿ ಕಾಂಡ್ಲಾ ಕವಲಿಗೆ ಭರತ ತುಂಬುವ ಎರಡು ತಾಸು ಮೊದಲು ಹೊರಡುತ್ತದೆ, ಆ ದಿನದ ಸಮಯವನ್ನು ಹಿಂದಿನ ದಿನ ಸಂಜೆ ದೋಣಿಯವರಿಗೆ ಫೋನ್ ಮಾಡಿ ಕೇಳಿಕೊಳ್ಳಿ.’